ಮೊಣಕಾಲು ಹೊಸದು, ನೋವು ಹಳೆಯದು



ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ ಜೇಜುರಿ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವ ಊರು. ಮರಾಠಿಗರ ಖಂಡೋಬಾ ನಮ್ಮ ಉತ್ತರ ಕರ್ನಾಟಕದವರಿಗೆ ಮೈಲಾರಲಿಂಗ. ಹೊಸದಾಗಿ ಮದುವೆಯಾದವನು ಹೆಂಡತಿಯನ್ನು ಎತ್ತಿಕೊಂಡು ಕೆಲವು ಮೆಟ್ಟಿಲಾದರೂ ಏರಬೇಕೆಂಬುದು ಅಲ್ಲಿನ ಪದ್ಧತಿ. ನಮ್ಮ ಯಜಮಾನರೂ ನನ್ನನ್ನು ಐದು ಮೆಟ್ಟಿಲು ಎತ್ತಿಕೊಂಡು ಹತ್ತಿದ್ದರು. ಉಳಿದ ಮೆಟ್ಟಿಲುಗಳನ್ನು ನಾನೇ ಓಡುತ್ತ ಹತ್ತಿದ್ದೆ. ಕಳೆದ ಚಂಪಾಷಷ್ಠಿಯ ಹೊತ್ತಿಗೆ ಮತ್ತೆ ಅಲ್ಲಿಗೆ ಹೋದಾಗ ಅದೇ ಮೆಟ್ಟಿಲುಗಳ ಬುಡದಲ್ಲಿ ಕೋಲು ಹಿಡಿದು ನಿಂತಿದ್ದೆ.

ಎರಡು ವರ್ಷದ ಹಿಂದೆ ನನ್ನ ಬಲ ಮೊಣಕಾಲಿನ ಕೀಲನ್ನು ಬದಲಾಯಿಸಿದರು. ವಾಜಪೇಯಿಯವರು ಪ್ರಧಾನಿಯಾಗಿದ್ದಾಗ 2000 ಮತ್ತು 2001ರಲ್ಲಿ ಮುಂಬಯಿಯಲ್ಲಿ ಅವರ ಎರಡೂ ಮೊಣಕಾಲಿಗೆ ಈ ಶಸ್ತ್ರಚಿಕಿತ್ಸೆ ಆಯಿತು. ಆಗ ಇದರ ಹೆಸರು ಮನೆಮನೆಗೂ ತಲುಪಿತು. ಬಹುಪಾಲು ಜನರಿಗೆ ಇದರಿಂದ ಸುಖವಾಗುತ್ತದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರನ್ನೂ ಹೆದರಿಸುವುದು ನನ್ನ ಉದ್ದೇಶವಲ್ಲ.

ಆದರೆ ನನ್ನ ನೋವು ಹೋಗಲಿಲ್ಲ. ವರ್ಷ ಕಳೆದರೂ ಮೆಟ್ಟಿಲು ಹತ್ತುವಾಗ, ರಾತ್ರಿ ಮಗ್ಗುಲು ಬದಲಿಸುವಾಗ ಒಳಗೆ ಉರಿದಂತೆ ನೋವು. ಎಕ್ಸ್‌-ರೇ ಚೆನ್ನಾಗಿದೆ ಎಂದರು. ಬಂಧುಗಳು, "ಇಷ್ಟು ಖರ್ಚು ಮಾಡಿದರೂ ಇನ್ನೂ ನೋವು ಅಂತೀರಲ್ಲ" ಎಂದರು. ಮಗ ಫೋನಿನಲ್ಲಿ, "ಯವ್ವಾ, ಕಾಲು ಹೆಂಗೈತಿ?" ಎಂದು ಕೇಳಿದರೆ, "ಆರಾಮೈತಿ" ಎನ್ನತೊಡಗಿದೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ಹೇಳದ ನೋವಿಗೆ ಪರೀಕ್ಷೆಯೂ ಇಲ್ಲ, ಚಿಕಿತ್ಸೆಯೂ ಇಲ್ಲ.

ಕೊನೆಗೆ ಸೊಸೆಯೇ ಬೇರೊಬ್ಬ ವೈದ್ಯರಲ್ಲಿ ಕರೆದೊಯ್ದಳು. ಅವರು ಮೊಣಕಾಲನ್ನಷ್ಟೇ ನೋಡಲಿಲ್ಲ. ಸೊಂಟದ ಕೀಲು, ಬೆನ್ನುಮೂಳೆ ಎರಡನ್ನೂ ನೋಡಿದರು. ಅಲ್ಲಿನ ತೊಂದರೆಯೂ ಮೊಣಕಾಲಿನ ನೋವಾಗಿ ಕಾಣಿಸಿಕೊಳ್ಳುತ್ತದಂತೆ. ಕೀಲಿನೊಳಗೆ ಸೋಂಕು ಅಡಗಿದೆಯೇ ಎಂದು ತಿಳಿಯಲು ರಕ್ತ ಮತ್ತು ಕೀಲಿನ ನೀರನ್ನು ಪರೀಕ್ಷೆ ಮಾಡಿಸಿದರು. ಕೂರಿಸಿದ ಭಾಗ ಸಡಿಲವಾಗಿದೆಯೇ, ಓರೆಯಾಗಿದೆಯೇ ಎಂದೂ ನೋಡಿದರು. ಏನೂ ಸಿಗಲಿಲ್ಲ. ಆಗ ಅವರು ಹೇಳಿದರು: ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಮೊಣಕಾಲು ಬದಲಾಯಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ನೋವು ಬಹುಕಾಲ ಉಳಿದದ್ದು ಕಂಡುಬಂದಿದೆ. ಬಹಳ ವರ್ಷ ನೋವು ಉಂಡ ನರಗಳು, ಸವೆದ ಕೀಲು ಹೋದ ಮೇಲೂ ನೋವಿನ ಸುದ್ದಿಯನ್ನು ಕಳುಹಿಸುತ್ತಲೇ ಇರಬಹುದು. ಈ ಮಾತು ಕೇಳಿ ನನಗೆ ದುಃಖವಾಗಲಿಲ್ಲ, ಸಮಾಧಾನವಾಯಿತು. ನೋವು ನನ್ನ ಕಲ್ಪನೆಯಲ್ಲ ಎಂದು ಒಬ್ಬರಾದರೂ ಹೇಳಿದರು.

ಕೇಳುಗರೆ, ಮೂರು ತಿಂಗಳು ಕಳೆದರೂ ನೋವು ಗಟ್ಟಿಯಾಗಿಯೇ ಇದ್ದರೆ ಸುಮ್ಮನಿರಬೇಡಿ. ಆ ಹೊತ್ತಿಗೇ ರೋಗಿಯನ್ನು ಕೂಲಂಕಷವಾಗಿ ಪರೀಕ್ಷಿಸಿ, ನೋವಿನ ಕಾರಣಕ್ಕೆ ತಕ್ಕ ಚಿಕಿತ್ಸೆಗೆ ಕಳುಹಿಸಿ, ಫೋನಿನಲ್ಲಿ ವಿಚಾರಿಸುತ್ತಿದ್ದರೆ ನೋವು ಸ್ವಲ್ಪ ತಗ್ಗುತ್ತದೆ ಎಂದು ಬ್ರಿಟನ್ನಿನ ಒಂದು ಅಧ್ಯಯನ 2022ರಲ್ಲಿ ತೋರಿಸಿದೆ. ಜ್ವರ, ಕೀಲು ಕೆಂಪಾಗಿ ಬಿಸಿಯಾಗುವುದು, ಗಾಯದಿಂದ ನೀರು ಅಥವಾ ಕೀವು ಸೋರುವುದು, ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಕಾಲೂರಲು ಆಗದಿರುವುದು ಕಂಡರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ. ಕಾರಣ ತಿಳಿಯದೆ ಮತ್ತೊಂದು ಶಸ್ತ್ರಚಿಕಿತ್ಸೆಗೆ ಅವಸರಪಡಬೇಡಿ. ಅಂಥದರಿಂದ ನೋವು ಹೋಗುವ ಭರವಸೆ ಕಡಿಮೆ. ಅಂಗಡಿಯಿಂದ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗಬೇಡಿ, ಹೊಟ್ಟೆ ಮತ್ತು ಮೂತ್ರಪಿಂಡ ಕೆಡುತ್ತವೆ. ನರದ ನೋವಿಗೆ ಬೇರೆ ಔಷಧಿಗಳಿವೆ, ಅವನ್ನು ವೈದ್ಯರೇ ಕೊಡಬೇಕು.

ಉಳಿದದ್ದು ಅಳತೆಯ ಬದುಕು. ಒಂದೇ ಸಲ ಒಂದು ಗಂಟೆ ನಡೆಯುವ ಬದಲು ನಾನು ಹದಿನೈದು ನಿಮಿಷದಂತೆ ನಾಲ್ಕು ಸಲ ನಡೆಯುತ್ತೇನೆ. ನೋವು ಕಡಿಮೆಯಿದ್ದ ದಿನ ಮನೆಯ ಕೆಲಸವನ್ನೆಲ್ಲ ಮುಗಿಸುವ ಹಟ ಬಿಟ್ಟಿದ್ದೇನೆ. ಪೂಜೆಗೂ ಕುರ್ಚಿಯೇ. ತೊಡೆಯ ಸ್ನಾಯು ಗಟ್ಟಿಯಾಗಿರಲು ಫಿಸಿಯೋಥೆರಪಿಯವರು ಕಲಿಸಿದ ವ್ಯಾಯಾಮ ತಪ್ಪಿಸುವುದಿಲ್ಲ. ಮೆಟ್ಟಿಲಿಗೆ ಅವರು ಹೇಳಿಕೊಟ್ಟ ಸೂತ್ರ ಇದು: ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಜೇಜುರಿಯಲ್ಲಿ ಆ ಸೂತ್ರವನ್ನೇ ಹಿಡಿದು ಹತ್ತಿದೆ. "ಅತ್ತಿ, ಅವಸರ ಮಾಡಬ್ಯಾಡ್ರಿ" ಎನ್ನುತ್ತ ಸೊಸೆ ಪಕ್ಕದಲ್ಲೇ ಇದ್ದಳು. ಗುಡಿಯವರೆಗೆ ಹೋಗಲಾಗಲಿಲ್ಲ. ದಾರಿಯ ಒಂದು ದೀಪಮಾಲೆಯ ಕಂಬದ ಬಳಿ ಕುಳಿತೆ. ಪಕ್ಕದಲ್ಲಿ ಸೊಲ್ಲಾಪುರದ ಕಡೆಯ ಕನ್ನಡದ ಹೆಂಗಸೊಬ್ಬರು ಮೊಣಕಾಲು ನೀವಿಕೊಳ್ಳುತ್ತ ಕುಳಿತಿದ್ದರು. ಅವರದೂ ಬದಲಾಯಿಸಿದ ಕಾಲೇ. "ಮನ್ಯಾಗ ಕೇಳಿದ್ರ ಆರಾಮೈತಿ ಅಂತೀನ್ರಿ" ಎಂದರು. ಮೇಲಿನಿಂದ ಯಾರೋ ತೂರಿದ ಭಂಡಾರ ನಮ್ಮಿಬ್ಬರ ಮೇಲೂ ಬಿತ್ತು. ನನ್ನ ಕಥೆಯನ್ನೆಲ್ಲ ಅವರಿಗೆ ಹೇಳಿದೆ. ಎದ್ದು ಹೋಗುವ ಮುಂಚೆ ಅವರು ನನ್ನ ವೈದ್ಯರ ವಿಳಾಸ ಬರೆದುಕೊಂಡರು.

ನಿಮ್ಮ ಮನೆಯಲ್ಲೂ ಅಂಥವರು ಇರಬಹುದು. 'ಆರಾಮೈತಿ' ಎಂದರೆ ಅಲ್ಲಿಗೇ ಬಿಡಬೇಡಿ. ಹತ್ತಿರ ಕುಳಿತು ಇನ್ನೊಮ್ಮೆ ಕೇಳಿ.