ಮೊಮ್ಮಗಳು ಸಾಕಿದ ಹಾವು

ಕನ್ನಡ ಮೇಷ್ಟರೊಬ್ಬರು ಹಾವಿನ ವಿಷಯ ಮಾತನಾಡುತ್ತಾರೆಂದರೆ ಆದಿಶೇಷನೋ ಕಾಳಿಂಗಮರ್ದನವೋ ಬರಬಹುದೆಂದು ತಾವು ನಿರೀಕ್ಷಿಸಿರಬಹುದು. ನಾನು ಹೇಳಹೊರಟಿರುವುದು ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ, ಡಲ್ಲಾಸ್ ನಗರದ ಹತ್ತಿರ, ನನ್ನ ಮಗಳ ಮನೆಯ ಮಹಡಿಯ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬಾಳುತ್ತಿರುವ ಒಂದು ಹೆಣ್ಣು ಹಾವಿನ ಸಂಗತಿ. ಅದರ ಒಡತಿ ನನ್ನ ಮೊಮ್ಮಗಳು, ಹದಿನೇಳು ವರ್ಷದವಳು.

"ತಾತ, ನಾನು ಕಿಂಗ್ ಸ್ನೇಕ್ ಸಾಕಿದೀನಿ" ಎಂದು ಅವಳು ಫೋನಿನಲ್ಲಿ ಹೇಳಿದ ದಿನ ನನ್ನ ಎದೆ ಧಸಕ್ಕೆಂದಿತ್ತು. ನಾನು ಬಲ್ಲ ಸರ್ಪರಾಜನೆಂದರೆ ಆಗುಂಬೆಯ ಕಾಡಿನ ಕಾಳಿಂಗನೊಬ್ಬನೇ. ಇದು ಅದಲ್ಲವೆಂದು ಅವಳು ನಕ್ಕಳು. ಕ್ಯಾಲಿಫೋರ್ನಿಯ ಮೂಲದ ಈ ರಾಜನಿಗೆ ಹೆಡೆಯಿಲ್ಲ, ವಿಷವಿಲ್ಲ. ಉದ್ದ ಮೂರು ನಾಲ್ಕು ಅಡಿ. ಆದರೂ ಇಬ್ಬರೂ ಇತರ ಹಾವುಗಳನ್ನು ತಿನ್ನುವವರು. ರಾಜಪದವಿ ಬಂದದ್ದು ಅದರಿಂದ. ಬಾಲದಲ್ಲಿ ಗಿಲಕಿ ಆಡಿಸುವ ರ‍್ಯಾಟಲ್ ಸ್ನೇಕ್ ಎಂಬ ವಿಷಸರ್ಪವನ್ನೂ ಇದು ಸುತ್ತಿ ಹಿಸುಕಿ ನುಂಗುತ್ತದೆ. ಆ ವಿಷ ಇದರ ಮೈಗೆ ಅಷ್ಟಾಗಿ ಹತ್ತುವುದಿಲ್ಲ. ತನಗಿಂತ ದೊಡ್ಡದನ್ನು ಇದು ಗೆಲ್ಲುವುದು ಹೇಗೆ? ಪೆನಿಂಗ್ ಮತ್ತು ಮೂನ್ ಎಂಬ ವಿಜ್ಞಾನಿಗಳು ಹಿಡಿತದ ಒತ್ತಡವನ್ನು ಅಳೆದು, ಇಲಿ ತಿಂದು ಬದುಕುವ ಹಾವುಗಳಿಗಿಂತ ಇದಕ್ಕೆ ಸ್ನಾಯು ಹೆಚ್ಚಿಲ್ಲ, ಸುತ್ತು ಹಾಕುವ ಕ್ರಮದಲ್ಲೇ ಬಲವಿರಬೇಕು ಎಂದು 2017ರಲ್ಲಿ ಬರೆದರು. ಸ್ಪ್ರಿಂಗಿನ ಸುರುಳಿಯಂತೆ ಒಪ್ಪವಾದ ಸುತ್ತು.

ಕಳೆದ ವರ್ಷ ಫೆಬ್ರವರಿಯ ಕೊನೆಯಲ್ಲಿ ನಾನೂ ನನ್ನ ಪತ್ನಿಯೂ ಅಲ್ಲಿಗೆ ಹೋದಾಗ ಹಾವು ಗ್ಯಾರೇಜಿನ ಡಬ್ಬಿಯೊಂದರಲ್ಲಿ ಚಳಿನಿದ್ದೆಯಲ್ಲಿತ್ತು. ಮರಿ ಬೇಕಾದರೆ ಈ ತಪಸ್ಸು ಆಗಬೇಕಂತೆ. ಹತ್ತು ಹದಿಮೂರು ಡಿಗ್ರಿಯ ತಂಪಿನಲ್ಲಿ ಎರಡು ಮೂರು ತಿಂಗಳು, ನೀರು ಮಾತ್ರ. ಅದಕ್ಕೂ ಮುಂಚೆ ಎರಡು ವಾರ ಉಪವಾಸ, ಏಕೆಂದರೆ ಹೊಟ್ಟೆಯಲ್ಲಿ ಉಳಿದ ಆಹಾರ ಚಳಿಯಲ್ಲಿ ಜೀರ್ಣವಾಗದೆ ಕೊಳೆಯುತ್ತದೆ. ಮಾರ್ಚಿಯಲ್ಲಿ ಬೆಚ್ಚಗಿನ ಕೋಣೆಗೆ ತಂದಳು. ಕಂದು ಮೈ, ಅದರ ಮೇಲೆ ಬಿಳಿಯ ಬಳೆ ತೊಡಿಸಿದಂಥ ಪಟ್ಟೆಗಳು. ನನ್ನ ಪತ್ನಿ ಬಾಗಿಲಾಚೆ ನಿಂತೇ "ಹಾಲು ಇಡೋದಿಲ್ಲವೇನೇ?" ಎಂದು ಕೇಳಿದಳು. "ಅಜ್ಜಿ, ಹಾಲು ಅದರ ಆಹಾರ ಅಲ್ಲ" ಎಂಬ ಉತ್ತರ ಬಂದಿತು. ಆ ಆರು ತಿಂಗಳಲ್ಲಿ ಅವಳು ಆ ಹೊಸ್ತಿಲು ದಾಟಲಿಲ್ಲ.

ಆಹಾರವೆಂದರೆ ವಾರಕ್ಕೊಂದು ಇಲಿ. ಜೀವಂತ ಇಲಿಯಲ್ಲ, ಅದು ತಿರುಗಿ ಹಾವನ್ನೇ ಕಚ್ಚಬಹುದು. ಅಂಗಡಿಯಿಂದ ತಂದು ಹಿಮಪೆಟ್ಟಿಗೆಯಲ್ಲಿಟ್ಟ ಸತ್ತ ಇಲಿಯನ್ನು ಬಿಸಿನೀರಿನಲ್ಲಿ ಹದಮಾಡಿ ಚಿಮಟದಲ್ಲಿ ಹಿಡಿಯಬೇಕು. ಮರಿಯಾಗಿದ್ದಾಗ ಬಾಲ ಅದುರಿಸಿ, ದುರ್ವಾಸನೆ ಬಿಟ್ಟು, ಕಚ್ಚಲು ಬರುತ್ತಿದ್ದ ಈ ಹಾವು ಈಗ ಅವಳ ತೋಳಿನ ಮೇಲೆ ಸಾಧುವಾಗಿ ಹರಿಯುತ್ತದೆ. ಆದರೆ ಇದು ಸದಾ ಹಸಿದ ಪ್ರಾಣಿ. ಒಂದು ದಿನ ಇಲಿ ಹದಮಾಡಿದ ಕೈಯಲ್ಲೇ ನಾನು ಅದನ್ನು ಎತ್ತಹೋದೆ. ಹೆಬ್ಬೆರಳನ್ನು ಹಿಡಿದದ್ದು ಬಿಡಲೇ ಇಲ್ಲ, ಸಾವಕಾಶವಾಗಿ ಅಗಿಯತೊಡಗಿತು. ಮೊಮ್ಮಗಳು ನನ್ನ ಕೈಯನ್ನು ಹಾವಿನ ಸಮೇತ ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದು, "ತಾತ, ಕೈ ತೊಳ್ಕೊಂಡಿದ್ರಾ?" ಎಂದಳು. ವಿದ್ಯಾರ್ಥಿಗಳನ್ನು ನಾನು ಎಷ್ಟೋ ವರ್ಷ ಕೇಳಿದ ಸ್ವರ ಅದು. ಗಾಯ ದೊಡ್ಡದಲ್ಲ, ನಾಚಿಕೆಯೇ ದೊಡ್ಡದು.

ಏಪ್ರಿಲಿನಲ್ಲಿ ಅವಳ ಗೆಳತಿಯ ಮನೆಯಿಂದ ಗಂಡು ಹಾವು ಬಂದಿತು. ಇವನ್ನು ಎಂದೂ ಜೊತೆಯಲ್ಲಿ ಇಡುವಂತಿಲ್ಲ. ಮದುವೆಯ ಮನೆಯಲ್ಲಿ ವಧು ವರನನ್ನೇ ನುಂಗಿಬಿಟ್ಟಾಳು. ಆದ್ದರಿಂದ ಎರಡಕ್ಕೂ ಮೊದಲು ಹೊಟ್ಟೆ ತುಂಬಿಸಿ, ಬಳಿಕ ಒಂದೆಡೆ ಬಿಟ್ಟು, ಕುರ್ಚಿ ಹಾಕಿಕೊಂಡು ಕಾವಲು ಕೂರಬೇಕು. ಆ ಕಾವಲುಗಾರಿಕೆ ನನಗೆ ಬಂದಿತು. ಗಂಡು ಹೆಣ್ಣಿನ ಕತ್ತನ್ನು ಬಾಯಲ್ಲಿ ಕಚ್ಚಿ ಹಿಡಿದಾಗ ಅದು ಪ್ರಣಯವೋ ಭೋಜನವೋ ತಿಳಿಯದೆ ನಾನು ಕೂಗಿದ್ದೂ ಉಂಟು.

ಜೂನ್ ಮೊದಲ ವಾರ, ಪೊರೆ ಬಿಟ್ಟ ಕೆಲವು ದಿನಗಳ ಮೇಲೆ, ಒಂದಕ್ಕೊಂದು ಅಂಟಿಕೊಂಡ ಎಂಟು ಮೊಟ್ಟೆ. ಅವುಗಳ ಮೇಲ್ಭಾಗಕ್ಕೆ ಅವಳು ಪೆನ್ಸಿಲಿನಿಂದ ಗುರುತು ಹಾಕಿದಳು. ಕೋಳಿಮೊಟ್ಟೆಯಂತೆ ಇವನ್ನು ಹೊರಳಿಸಿದರೆ ಒಳಗಿನ ಜೀವ ಸಾಯಬಹುದು. ಇಪ್ಪತ್ತೇಳು ಇಪ್ಪತ್ತೆಂಟು ಡಿಗ್ರಿಯ ಕಾವು, ಸುಮಾರು ಅರವತ್ತು ದಿನ.

ಆ ನಡುವೆ ಮನೆಯಲ್ಲಿ ಒಂದು ಮಾತು ಎದ್ದಿತು. ಮುಂದಿನ ವರ್ಷ ಅವಳು ಕಾಲೇಜಿಗೆ ಬೇರೆ ಊರಿಗೆ ಹೋಗುವವಳು. ಈ ಹಾವು ಇಪ್ಪತ್ತು ವರ್ಷವೂ ಬದುಕೀತು. "ಸಾಕಿದ್ದು ಸಾಕು ಪುಟ್ಟಿ, ಕೆರೆ ಹತ್ತಿರ ಪೊದೆಯಲ್ಲಿ ಬಿಟ್ಟುಬಿಡೋಣ" ಎಂದರು ನನ್ನ ಅಳಿಯ. ಪೋಷಿಸು ಎಂಬುದಕ್ಕೂ ಇನ್ನು ಬೇಡ ಎಂಬುದಕ್ಕೂ ನಮ್ಮ ಭಾಷೆ ಒಂದೇ ರೂಪವನ್ನು ಏಕೆ ಇಟ್ಟುಕೊಂಡಿದೆಯೋ! ನನಗೂ ಅಳಿಯಂದಿರ ಮಾತು ಸರಿಯೆನಿಸಿತ್ತು. ಬಂಧನದಿಂದ ಬಿಡುಗಡೆ ಪುಣ್ಯದ ಕೆಲಸವಲ್ಲವೆ? ಅವಳು ಉತ್ತರವಾಗಿ ಸ್ಪೇನಿಗೆ ಸೇರಿದ ಗ್ರಾನ್ ಕನೇರಿಯ ದ್ವೀಪದ ಕಥೆ ಹೇಳಿದಳು. ಹಾವೇ ಇಲ್ಲದ ಆ ದ್ವೀಪದಲ್ಲಿ, ಯಾರದೋ ಮನೆಯ ಸಾಕುಹಾವಾಗಿದ್ದ ಇದೇ ಜಾತಿ 1998ರಲ್ಲಿ ಕಾಡಿನಲ್ಲಿ ಕಂಡಿತು. ಅಲ್ಲಿನ ದೈತ್ಯ ಹಲ್ಲಿಗೆ ಹಾವೆಂಬ ಭಯವೇ ಗೊತ್ತಿರಲಿಲ್ಲ. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಈ ಹಾವು ನೆಲೆಸಿದ ಕಡೆಗಳಲ್ಲಿ ಆ ಹಲ್ಲಿಗಳ ಸಂಖ್ಯೆ ಶೇಕಡ 90ಕ್ಕೂ ಹೆಚ್ಚು ಕುಸಿದಿದೆ. "ಬಿಟ್ಟವರೂ ಪಾಪ ಅಂತಲೇ ಬಿಟ್ಟಿರಬಹುದು, ತಾತ" ಎಂದಳು. ಅಳಿಯಂದಿರು ಸುಮ್ಮನಾದರು, ನಾನೂ ಸುಮ್ಮನಾದೆ.

ಆಗಸ್ಟಿನ ಆರಂಭದಲ್ಲಿ ಮೊಟ್ಟೆಯ ಚರ್ಮ ಸೀಳಿ ಮರಿಗಳು ಮೂತಿ ಹೊರಗಿಟ್ಟವು. ಐದಕ್ಕೆ ತಾಯಿಯಂತೆ ಬಳೆಪಟ್ಟೆ; ಮೂರಕ್ಕೆ ತಂದೆಯಂತೆ ಬೆನ್ನುದ್ದಕ್ಕೂ ಒಂದೇ ಗೆರೆ. ಹಿಂದೆ ಪಂಡಿತರು ಇವನ್ನು ಎರಡು ಜಾತಿ ಎಂದೇ ಎಣಿಸಿದ್ದರು. ಸ್ಯಾನ್ ಡಿಯಾಗೊದ ಲಾರೆನ್ಸ್ ಕ್ಲಾಬರ್, ವೃತ್ತಿಯಿಂದ ವಿದ್ಯುತ್ ಕಂಪನಿಯ ಎಂಜಿನಿಯರು, ಒಂದೇ ತಾಯಿಯ ಮೊಟ್ಟೆಗಳಿಂದ ಎರಡೂ ಬರುತ್ತವೆಂದು 1930ರ ದಶಕದಲ್ಲಿ ತೋರಿಸಿಕೊಟ್ಟರು. ತಾಳೆಗರಿಗಳ ನಡುವೆ ಆಯುಷ್ಯ ಕಳೆದ ನನಗೆ ಇದು ಹೊಸದೆನಿಸಲಿಲ್ಲ. ಪಾಠಾಂತರವನ್ನು ಬೇರೆ ಕಾವ್ಯವೆಂದು ಬಗೆದು ಜಗಳವಾಡಿದ ವಿದ್ವಾಂಸರು ನಮ್ಮಲ್ಲೂ ಇದ್ದಾರೆ.

ಎಂಟಕ್ಕೂ ಎಂಟು ಬೇರೆ ಡಬ್ಬಿ. ಮೊದಲ ಪೊರೆ ಕಳಚಿದ ಮೇಲೆ ಏಳು ಮರಿಗಳು ಕಣ್ಣು ತೆರೆಯದ ಇಲಿಮರಿಯನ್ನು ನುಂಗಿದವು. ಎಂಟನೆಯದು, ಗೆರೆಯದು, ಮುಖ ತಿರುಗಿಸಿತು. ನಾವು ಹೊರಡುವ ದಿನವೂ ತಿಂದಿರಲಿಲ್ಲ. ಮೈಸೂರಿಗೆ ಬಂದ ಮೇಲೆ ನನ್ನ ಪತ್ನಿ, ಆ ಕೋಣೆಗೆ ಕಾಲಿಡದವಳು, ಫೋನು ಬಂದಾಗಲೆಲ್ಲ ಮಗಳ ಕ್ಷೇಮಕ್ಕಿಂತ ಮೊದಲು "ಆ ಮರಿ ತಿಂತೇನೇ?" ಎಂದು ಕೇಳತೊಡಗಿದಳು. ಮೂರನೆಯ ವಾರ ಉತ್ತರ ಬಂದಿತು: ಇಲಿಮರಿಯ ಮೈಗೆ ಹಲ್ಲಿಯ ವಾಸನೆ ಸವರಿ ಕೊಟ್ಟಳಂತೆ, ರಾತ್ರಿ ದೀಪ ಆರಿಸಿದ ಮೇಲೆ ತಿಂದಿತಂತೆ. ಏಳು ಮರಿಗಳು ಬೇರೆ ಬೇರೆ ಮನೆ ಸೇರಿವೆ. ಇದನ್ನು ಯಾರಿಗೂ ಕೊಡಬೇಡ ಎಂದು ಅಜ್ಜಿಯ ಆಜ್ಞೆಯಾಗಿದೆ.