ಸುದ್ದಿ ಓಡಿತು, ಡಾಕ್ಟರ ಮಾತು ಓಡಲಿಲ್ಲ

ದಿನಾ ಯಾರದೋ ತಪ್ಪು ಹಿಡಿದು ಮಾತು ಶುರು ಮಾಡ್ತೀನಿ. ಇವತ್ತು ನಮ್ಮ ತಪ್ಪಿನಿಂದಲೇ ಶುರು ಮಾಡ್ತೀನಿ.

2017ರ ಫೆಬ್ರವರಿ. ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ದೇಶದಲ್ಲೇ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಚುಚ್ಚುಮದ್ದು. ವಾಟ್ಸಾಪ್‌ನಲ್ಲಿ ಆಗಲೇ ಇಲ್ಲಸಲ್ಲದ ಮೆಸೇಜುಗಳು ಓಡಾಡ್ತಾ ಇದ್ದವು. ಅಷ್ಟರಲ್ಲಿ ಒಂದು ಶಾಲೆಯಲ್ಲಿ ಸೂಜಿ ಕಂಡು ಒಬ್ಬ ಹುಡುಗಿ ತಲೆಸುತ್ತಿ ಕೂತಳು. ಅವಳನ್ನು ನೋಡಿ ಇನ್ನಿಬ್ಬರು. ನಾವೇನು ಮಾಡಿದೆವು? ಕೆಂಪು ಪಟ್ಟಿಯಲ್ಲಿ 'ಲಸಿಕೆ ಪಡೆದ ವಿದ್ಯಾರ್ಥಿನಿಯರು ಅಸ್ವಸ್ಥ' ಅಂತ ಓಡಿಸಿದೆವು. ಸಂಜೆ ಆ ಮಕ್ಕಳು ಮಜ್ಜಿಗೆ ಕುಡಿದು, ಆಟ ಆಡ್ಕೊಂಡು ಮನೆಗೆ ಹೋದರು. ಅದು ಬ್ರೇಕಿಂಗ್ ಆಗಲಿಲ್ಲ.

ಮಾರನೇ ದಿನ ಮಕ್ಕಳ ಡಾಕ್ಟರೊಬ್ಬರು ಫೋನ್ ಮಾಡಿದರು. ಬೈಯಲಿಲ್ಲ. "ಸರ್, ನೀವು ಒಂದು ಸಾಲು ಓಡಿಸಿದ್ರಿ. ಆ ಒಂದು ಸಾಲಿಗೆ ನಾನು ಒಬ್ಬೊಬ್ಬ ತಾಯಿ ಹತ್ರ ಹತ್ತತ್ತು ನಿಮಿಷ ಮಾತಾಡ್ತಾ ಇದೀನಿ. ಹೊರಗೆ ನಲವತ್ತು ಟೋಕನ್ ಇದೆ" ಅಂದರು. ಬೈದಿದ್ದರೇ ವಾಸಿಯಿತ್ತು.

ಮೊನ್ನೆ ಅವರ ಕ್ಲಿನಿಕ್‌ಗೆ ಹೋಗಿ ಒಂದು ಬೆಳಗ್ಗೆ ಪೂರ್ತಿ ಕೂತಿದ್ದೆ. ಲಸಿಕೆಯನ್ನೇ ವಿರೋಧಿಸೋರು ಒಬ್ಬರೂ ಬರಲಿಲ್ಲ. ಬಂದವರೆಲ್ಲ ಸುಸ್ತಾದ, ಸ್ವಲ್ಪ ಹೆದರಿದ ತಾಯಂದಿರು. ಒಬ್ಬಾಕೆಗೆ ಹೆರಿಗೆ ಆಗಿದ್ದು ತವರಿನಲ್ಲಿ. ಆರನೇ ವಾರದ ಲಸಿಕೆ ಅಲ್ಲೇ ಆಗಿದೆ. ಆಮೇಲೆ ಗಂಡನ ಜೊತೆ ಬೆಂಗಳೂರಿಗೆ ಬಂದರು, ತಾಯಿ ಕಾರ್ಡ್ ಮಾತ್ರ ತವರುಮನೆ ಬೀರುವಿನಲ್ಲೇ ಉಳೀತು. ಮಗುವಿಗೀಗ ಎಂಟು ತಿಂಗಳು. "ಮೊದಲಿಂದ ಹಾಕಿಸ್ಬೇಕಲ್ವಾ ಡಾಕ್ಟ್ರೇ?" ಅಂತ ಆಕೆ ಅಳುಮುಖ ಮಾಡಿಕೊಂಡು ಕೇಳಿದರು. ಬೇಕಾಗಿಲ್ಲ ವೀಕ್ಷಕರೇ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿದರೆ ಸಾಕು. ಬೈತಾರೆ ಅಂತ ಹೆದರಿ ಆಕೆ ಮೂರು ತಿಂಗಳು ಬಂದಿರಲಿಲ್ಲವಂತೆ.

ಇನ್ನೊಬ್ಬರದು ಜ್ವರದ ಭಯ. ಪೆಂಟಾವೇಲೆಂಟ್ ಹಾಕಿದಾಗ ಮಗುವಿಗೆ ಜ್ವರ ಬಂದಿತ್ತು, ತೊಡೆ ಊದಿತ್ತು, ಅತ್ತೆ ಸಾಕು ಅಂದುಬಿಟ್ಟಿದ್ದಾರೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ, ಹಿಬ್, ಇಷ್ಟನ್ನೂ ತಡೆಯೋ ಲಸಿಕೆ ಅದು. 6, 10 ಮತ್ತು 14ನೇ ವಾರ, ಮೂರು ಸಲ ಹಾಕಿಸಬೇಕು. ಒಂದೆರಡು ದಿನದ ಜ್ವರ ಮಾಮೂಲಿ. ಆದರೆ ಇದನ್ನು ಮನೆಯಲ್ಲಿರೋ ಅತ್ತೆಗೆ ಹೇಳೋರು ಯಾರು? ಡಾಕ್ಟರ್ ಅಲ್ಲೇ ಫೋನ್ ಹಚ್ಚಿ, "ಅಮ್ಮಾ, ನಿಮ್ ಕಾಲದಲ್ಲಿ ಗಂಟಲುಮಾರಿ ನೋಡಿದ್ರಾ?" ಅಂದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ನೋಡಿದ್ದರು ಅಂತ ಕಾಣುತ್ತೆ.

ಒಬ್ಬ ಡಾಕ್ಟರ್ ಇದನ್ನೆಲ್ಲ ಎಷ್ಟು ಅಂತ ಮಾಡಬೇಕು? ದಡಾರ ಬಂದ ಒಂದು ಮಗು, ರಕ್ಷಣೆ ಇಲ್ಲದ 12ರಿಂದ 18 ಜನರಿಗೆ ಅದನ್ನು ಹಂಚಬಲ್ಲದು. ಅದನ್ನು ತಡೀಬೇಕಾದರೆ ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. 9 ತಿಂಗಳಿಗೆ ಮೊದಲನೆಯದು. ಎರಡನೆಯದು 16 ತಿಂಗಳ ಮೇಲೆ, ಮಗು ಓಡಾಡಿಕೊಂಡಿರುವಾಗ. ಆಗಲೇ ಎಲ್ಲರೂ ಮರೆಯೋದು. ಇವರ ಕ್ಲಿನಿಕ್‌ನಲ್ಲಿ ಒಬ್ಬ ನರ್ಸ್ ದಿನಾ ಮಧ್ಯಾಹ್ನ ಅರ್ಧ ಗಂಟೆ, ಡೋಸ್ ತಪ್ಪಿದ ಮನೆಗಳಿಗೆ ಫೋನ್ ಮಾಡ್ತಾರೆ. ಅಷ್ಟೇ ಉಪಾಯ. ಆದರೆ ಆ ಅರ್ಧ ಗಂಟೆಯ ಸಂಬಳ ಡಾಕ್ಟರ ಜೇಬಿನಿಂದಲೇ ಹೋಗುತ್ತೆ. ಇನ್ನು ಖಾಸಗಿ ಕ್ಲಿನಿಕ್‌ನ ಫೈಲು ಆಶಾ ಕಾರ್ಯಕರ್ತೆಗೆ ಕಾಣಲ್ಲ, ಆಕೆಯ ಪುಸ್ತಕ ಇವರಿಗೆ ಕಾಣಲ್ಲ. ಯು-ವಿನ್ ಅಂತ ಕೇಂದ್ರದ ಪೋರ್ಟಲ್ ಇದೆಯಲ್ಲ, ಎರಡೂ ಕಡೆಯ ಲೆಕ್ಕ ಅದರಲ್ಲಿ ಒಂದಾಗಲಿ. ಆರೋಗ್ಯ ಇಲಾಖೆಗೆ ನಾನು ಕೇಳೋದು ಇಷ್ಟೇ.

ಪೋಲಿಯೋ ಹೊತ್ತಿನಲ್ಲಿ ಮಾಧ್ಯಮಗಳೆಲ್ಲ ಎರಡು ಹನಿ, ಎರಡು ಹನಿ ಅಂತ ಕೂಗಿದ್ದೆವು. ದೇಶದ ಕೊನೆಯ ಪ್ರಕರಣ ಕಂಡಿದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. ಕೂಗೋಕೆ ನಮಗೆ ಬರಲ್ಲ ಅಂತೇನಿಲ್ಲ.

ಅದಕ್ಕೇ ಆ ಡಾಕ್ಟರನ್ನು ನಾಳೆ, ಬುಧವಾರ ರಾತ್ರಿ 8ಕ್ಕೆ ಸ್ಟುಡಿಯೋಗೆ ಕರೆದಿದ್ದೀನಿ. ಒಂದು ಗಂಟೆ, ಬ್ರೇಕ್ ಇಲ್ಲದೆ. ಎದುರು ಕೂತು ಜಗಳ ಆಡೋಕೆ ಯಾರನ್ನೂ ಕರೆದಿಲ್ಲ. ತಾಯಿ ಕಾರ್ಡ್ ಹುಡುಕಿ ಕೈಯಲ್ಲಿಟ್ಟುಕೊಂಡು ಫೋನ್ ಮಾಡಿ. ಅತ್ತೆಯವರೂ ಪಕ್ಕದಲ್ಲಿರಲಿ.