ಬಡ ಮಣ್ಣಿನ ಸಿರಿ: ಹುಲ್ಲುಗಾವಲು, ಗೊಬ್ಬರ ಮತ್ತು ನಾವು



ಹೊಲ, ತೋಟ, ಗದ್ದೆಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಉಪನ್ಯಾಸಗಳು ನಡೆಯುತ್ತವೆ. ಹುಲ್ಲಿನ ಬಗ್ಗೆ ಮಾತನಾಡಲು ಕರೆದದ್ದಕ್ಕೆ ಮೊದಲು ನಿಮಗೆ ಕೃತಜ್ಞತೆ ಹೇಳುತ್ತೇನೆ. ನಾನು ಹೇಳಬೇಕೆಂದಿರುವುದು ಇಷ್ಟು: ಹುಲ್ಲುಗಾವಲಿನ ಮಣ್ಣು ಬಡವಾಗಿರುವುದು ಅದರ ದೋಷವಲ್ಲ. ಅಲ್ಲಿನ ಸಸ್ಯಗಳ ಸಿರಿಗೆ ಆ ಬಡತನವೇ ಆಧಾರ. ಅದನ್ನು ‘ಸುಧಾರಿಸಲು’ ಹೊರಟರೆ ಹುಲ್ಲಿನ ತೂಕ ಹೆಚ್ಚುತ್ತದೆ, ಸಸ್ಯಗಳ ಬಗೆಗಳು ಅಳಿಯುತ್ತವೆ, ಎಚ್ಚರ ತಪ್ಪಿದರೆ ಮಣ್ಣೂ ಕೆಡುತ್ತದೆ. ಇದಕ್ಕೆ ಜಗತ್ತಿನ ಅತ್ಯಂತ ದೀರ್ಘ ಸಾಕ್ಷ್ಯ ಇರುವುದು ಇಂಗ್ಲೆಂಡಿನ ಒಂದು ಹುಲ್ಲುಗಾವಲಿನಲ್ಲಿ.

ಒಂದು ಹುಲ್ಲುಗಾವಲು, ಹಲವು ತಾಕುಗಳು

ಲಂಡನ್ನಿನ ಉತ್ತರಕ್ಕೆ, ಹಾರ್ಪೆಂಡೆನ್ ಎಂಬ ಊರಿನಲ್ಲಿ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರವಿದೆ. ಅದನ್ನು ಸ್ಥಾಪಿಸಿದ ಜಾನ್ ಬೆನೆಟ್ ಲಾಸ್ 1842ರಲ್ಲಿ ಸೂಪರ್ ಫಾಸ್ಫೇಟ್ ಗೊಬ್ಬರಕ್ಕೆ ಪೇಟೆಂಟ್ ಪಡೆದವನು. ಮರುವರ್ಷ ರಸಾಯನಶಾಸ್ತ್ರಜ್ಞ ಜೋಸೆಫ್ ಹೆನ್ರಿ ಗಿಲ್ಬರ್ಟ್ ಜೊತೆಗೂಡಿದ. 1856ರಲ್ಲಿ ಇಬ್ಬರೂ ಸೇರಿ, ಅದಾಗಲೇ ನೂರು ವರ್ಷಕ್ಕೂ ಹೆಚ್ಚು ಕಾಲ ಹುಲ್ಲುಗಾವಲಾಗಿದ್ದ ಸುಮಾರು ಏಳು ಎಕರೆ ನೆಲವನ್ನು ತಾಕುಗಳಾಗಿ ವಿಂಗಡಿಸಿದರು. ಒಂದಕ್ಕೆ ಸಾರಜನಕ, ಇನ್ನೊಂದಕ್ಕೆ ರಂಜಕ ಮತ್ತು ಪೊಟ್ಯಾಷ್, ಮತ್ತೊಂದಕ್ಕೆ ಎಲ್ಲವೂ. ಕೆಲವಕ್ಕೆ ಏನೂ ಇಲ್ಲ. ಯಾವ ಗೊಬ್ಬರದಿಂದ ಒಣಹುಲ್ಲು ಹೆಚ್ಚು ಬರುತ್ತದೆ ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು. ‘ಪಾರ್ಕ್ ಗ್ರಾಸ್’ ಎಂದು ಹೆಸರಾದ ಆ ಪ್ರಯೋಗ ಇಂದಿಗೂ ನಡೆಯುತ್ತಿದೆ. ಪ್ರತಿ ಜೂನ್‌ನಲ್ಲಿ ಹುಲ್ಲು ಕೊಯ್ದು ತೂಗುತ್ತಾರೆ. ಹುಲ್ಲಿನ, ಮಣ್ಣಿನ ಮಾದರಿಗಳನ್ನು ತಲೆಮಾರುಗಳಿಂದ ಜತನವಾಗಿ ಕಾಪಿಟ್ಟುಕೊಂಡು ಬಂದಿದ್ದಾರೆ.

ಇಳುವರಿಯ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿತು: ಗೊಬ್ಬರ ಉಂಡ ತಾಕುಗಳಲ್ಲಿ ಹುಲ್ಲು ಎರಡು ಪಟ್ಟು ಮೀರಿ ಬೆಳೆಯಿತು. ಅದರ ಜೊತೆಗೆ ಯಾರೂ ಕೇಳದ ಇನ್ನೊಂದು ಉತ್ತರವೂ ಬಂತು. ಕೆಲವೇ ವರ್ಷಗಳಲ್ಲಿ ಅಕ್ಕಪಕ್ಕದ ತಾಕುಗಳು ಬೇರೆ ಬೇರೆ ಬೀಜ ಬಿತ್ತಿದವೋ ಎಂಬಂತೆ ಕಾಣತೊಡಗಿದವು. ಯಾರೂ ಯಾವ ಬೀಜವನ್ನೂ ಬಿತ್ತಿರಲಿಲ್ಲ. ಇಂದು ಗೊಬ್ಬರ ಕಾಣದ ತಾಕಿನಲ್ಲಿ ನಲವತ್ತರ ಆಸುಪಾಸು ಸಸ್ಯ ಬಗೆಗಳಿವೆ. ವರ್ಷಕ್ಕೆ ಹೆಕ್ಟೇರಿಗೆ 144 ಕಿಲೋ ಸಾರಜನಕವನ್ನು ಅಮೋನಿಯಂ ಸಲ್ಫೇಟ್ ರೂಪದಲ್ಲಿ ಪಡೆದು, ಸುಣ್ಣ ಕಾಣದ ತಾಕಿನಲ್ಲಿ ಉಳಿದಿರುವುದು ಎರಡೋ ಮೂರೋ.

ಬೆಳಕಿಗಾಗಿ ಪೈಪೋಟಿ

ಇದು ಹೇಗಾಯಿತು? ಎರಡು ದಾರಿಗಳಿಂದ. ಇವೆರಡನ್ನೂ ಬೇರೆ ಬೇರೆಯಾಗಿ ತಿಳಿಯಬೇಕು, ಏಕೆಂದರೆ ಇವುಗಳ ಪರಿಹಾರವೂ ಬೇರೆ.

ಮೊದಲನೆಯದು ನೆಲದ ಮೇಲೆ ನಡೆಯುವುದು. ಬಡ ಮಣ್ಣಿನಲ್ಲಿ ಯಾವ ಗಿಡವೂ ವಿಪರೀತ ಬೆಳೆಯಲಾರದು. ಒಂದಕ್ಕೆ ರಂಜಕ ಸಾಲದು, ಇನ್ನೊಂದಕ್ಕೆ ಸಾರಜನಕ ಸಾಲದು. ಎಲ್ಲವಕ್ಕೂ ಒಂದೊಂದು ಕೊರತೆ ಇರುವುದರಿಂದಲೇ ಎಲ್ಲವಕ್ಕೂ ಒಂದಿಷ್ಟು ಜಾಗ ಉಳಿಯುತ್ತದೆ. ಸಾರಜನಕ ಸುರಿದಾಗ ಅದನ್ನು ಬೇಗ ಹೀರಬಲ್ಲ ಎತ್ತರದ ಹುಲ್ಲುಗಳು ಮುನ್ನುಗ್ಗುತ್ತವೆ. ಆಟದ ಮುಂದಿನ ಸಾಲಿನವರು ಎದ್ದು ನಿಂತರೆ ಹಿಂದಿನ ಮಕ್ಕಳಿಗೆ ರಂಗಸ್ಥಳ ಕಾಣದಂತೆ, ಕುಳ್ಳ ಸಸ್ಯಗಳಿಗೆ ಬಿಸಿಲು ತಪ್ಪುತ್ತದೆ. 2009ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಗೊಬ್ಬರ ಹಾಕಿದ ಹುಲ್ಲಿನ ಬುಡಕ್ಕೆ ದೀಪ ಹಿಡಿದು ನೋಡಿದರು. ಬೆಳಕು ಸಿಕ್ಕಾಗ ಸಣ್ಣ ಸಸ್ಯಗಳು ಅಳಿಯದೆ ಉಳಿದವು. ಗೊಬ್ಬರ ಅವನ್ನು ನೇರವಾಗಿ ಕೊಂದಿರಲಿಲ್ಲ, ನೆರಳು ಕೊಂದಿತ್ತು.

ಇಲ್ಲಿ ದ್ವಿದಳ ಸಸ್ಯಗಳ ಪಾಡನ್ನು ಗಮನಿಸಿ. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುವುದು ಅವುಗಳ ಹೆಚ್ಚುಗಾರಿಕೆ. ಚೀಲದಲ್ಲಿ ಸಾರಜನಕ ಬಂದು ಬಿದ್ದರೆ ಆ ಹೆಚ್ಚುಗಾರಿಕೆಗೆ ಬೆಲೆಯಿಲ್ಲ. ಸಾರಜನಕ ಬಿಟ್ಟು ರಂಜಕ, ಪೊಟ್ಯಾಷ್ ಮಾತ್ರ ಕೊಟ್ಟ ತಾಕುಗಳಲ್ಲಿ ಕ್ಲೋವರ್‌ನಂಥ ದ್ವಿದಳಗಳು ಹುಲುಸಾಗಿ ಬೆಳೆದು ಒಳ್ಳೆಯ ಇಳುವರಿಯನ್ನೇ ಕೊಟ್ಟವು. ಸಾರಜನಕ ಸುರಿದ ತಾಕುಗಳಿಂದ ಅವು ಹೆಚ್ಚುಕಡಿಮೆ ಕಾಣೆಯಾದವು.

ಹುಳಿಯಾದ ಮಣ್ಣು

ಎರಡನೆಯ ದಾರಿ ನೆಲದ ಒಳಗಿನದು. ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯಂ ಅನ್ನು ನೈಟ್ರೇಟ್ ಆಗಿ ಮಾರ್ಪಡಿಸುವಾಗ ಆಮ್ಲ ಬಿಡುಗಡೆಯಾಗುತ್ತದೆ. ನೀರಿನೊಡನೆ ಇಳಿದುಹೋಗುವ ನೈಟ್ರೇಟ್ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಜೊತೆಗೆ ಎಳೆದೊಯ್ಯುತ್ತದೆ. ಪಾರ್ಕ್ ಗ್ರಾಸ್‌ನ ಮಣ್ಣಿನ ರಸಸಾರ (pH) ಆರಂಭದಲ್ಲಿ ಸುಮಾರು 5.5 ಇತ್ತು. ಅಮೋನಿಯಂ ಉಂಡ ತಾಕುಗಳಲ್ಲಿ ಅದು 3.5ರ ಹತ್ತಿರಕ್ಕೆ ಇಳಿಯಿತು. ಅಷ್ಟು ಹುಳಿಯಾದ ಮಣ್ಣಿನಲ್ಲಿ ಅಲ್ಯುಮಿನಿಯಂ ಕರಗಿ ಬೇರಿಗೆ ವಿಷವಾಗುತ್ತದೆ. ಎರೆಹುಳು ಬದುಕುವುದಿಲ್ಲ. ಎರೆಹುಳು ಇಲ್ಲದ ಮೇಲೆ ಸತ್ತ ಹುಲ್ಲನ್ನು ಮಣ್ಣಿಗೆ ಬೆರೆಸುವವರಿಲ್ಲ. ಅದು ಕೊಳೆಯದೆ ಚಾಪೆಯಂತೆ ನೆಲದ ಮೇಲೆ ಕಟ್ಟಿಕೊಳ್ಳುತ್ತದೆ.

ಅದೇ ಸಾರಜನಕವನ್ನು ಸೋಡಿಯಂ ನೈಟ್ರೇಟ್ ರೂಪದಲ್ಲಿ ಕೊಟ್ಟ ತಾಕುಗಳು ಹೀಗೆ ಹುಳಿಯಾಗಲಿಲ್ಲ. ಆದರೂ ಅಲ್ಲಿ ಬಗೆಗಳು ಕುಗ್ಗಿದವು. 1903ರಿಂದ ಹಲವು ತಾಕುಗಳ ಅರ್ಧ ಭಾಗಕ್ಕೆ ಸುಣ್ಣ ಹಾಕಿದರು. ಮಣ್ಣು ಚೇತರಿಸಿಕೊಂಡಿತು, ಗೊಬ್ಬರ ಕಾಣದ ತಾಕಿನಷ್ಟು ಬಗೆಗಳು ಮಾತ್ರ ಬರಲಿಲ್ಲ. ಸುಣ್ಣ ಹುಳಿಯನ್ನು ತಗ್ಗಿಸಬಲ್ಲದು, ನೆರಳನ್ನು ತಗ್ಗಿಸಲಾರದು.

ನಿಲ್ಲಿಸಿದಾಗ ಆದದ್ದು

ಹಾಗಾದರೆ ಕಳೆದುಹೋದದ್ದು ಮರಳುವುದೇ? 1989ರಲ್ಲಿ ಕೆಲವು ತಾಕುಗಳನ್ನು ಇಬ್ಭಾಗ ಮಾಡಿ ಒಂದು ಭಾಗಕ್ಕೆ ಸಾರಜನಕ ಕೊಡುವುದನ್ನು ನಿಲ್ಲಿಸಿದರು. ಎರಡು ದಶಕಗಳ ದಾಖಲೆ ನೋಡಿ 2015ರಲ್ಲಿ ಪ್ರಕಟವಾದ ಫಲಿತಾಂಶ ಭರವಸೆ ತರುವಂಥದ್ದು: ಕಳೆದುಹೋಗಿದ್ದ ವೈವಿಧ್ಯದ ಬಹುಪಾಲು ಮರಳಿತ್ತು, ಅದರಲ್ಲೂ ಸುಣ್ಣ ಹಾಕಿದ ಕಡೆ. ಕಾರ್ಖಾನೆ, ವಾಹನ, ಪಶುಸಾಕಣೆಗಳ ಹೊಗೆ ಮತ್ತು ಆವಿಯಿಂದ ಗಾಳಿಯ ಮೂಲಕ ಬೀಳುತ್ತಿದ್ದ ಸಾರಜನಕವೂ ಆ ಅವಧಿಯಲ್ಲಿ ಕಡಿಮೆಯಾಗಿತ್ತು. ಅದರಿಂದ ಗೊಬ್ಬರ ಕಾಣದ ತಾಕುಗಳಲ್ಲೂ ದ್ವಿದಳಗಳು ಹೆಚ್ಚಿದವು.

ಈ ಭರವಸೆಗೆ ಒಂದು ಷರತ್ತಿದೆ. ಆ ನೆಲವನ್ನು ಯಾರೂ ಉತ್ತಿರಲಿಲ್ಲ. ಬೀಜ ಕೊಡಬಲ್ಲ ಸಸ್ಯಗಳು ಕೆಲವೇ ಹೆಜ್ಜೆಯ ದೂರದಲ್ಲಿದ್ದವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1930ರ ದಶಕದಿಂದ 1984ರವರೆಗೆ ಬಗೆಬಗೆಯ ಸಸ್ಯಗಳಿದ್ದ ತಗ್ಗುನೆಲದ ಹುಲ್ಲುಗಾವಲುಗಳಲ್ಲಿ ಶೇಕಡಾ 97ರಷ್ಟು ಇಲ್ಲವಾದವು. ಅಂಥ ಕಡೆ ಗೊಬ್ಬರ ನಿಲ್ಲಿಸಿದರೂ ಬೀಜ ಎಲ್ಲಿಂದ ಬರಬೇಕು?

ನಮ್ಮ ಕಾವಲುಗಳು

ಈಗ ನಮ್ಮ ನೆಲಕ್ಕೆ ಬರೋಣ. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಅದಕ್ಕೆ ಸೇರಿದ ಕಾವಲುಗಳು, ಎಂದರೆ ಮೇವಿಗೆ ಕಾದಿರಿಸಿದ ಹುಲ್ಲುಗಾವಲುಗಳು, ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಹರಡಿದ್ದವು. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂಬ ವಿಂಗಡಣೆ ಇತ್ತು. ದನ ಮೇದು ಮುಂದೆ ಹೋದ ಮೇಲೆ ಹುಲ್ಲಿಗೆ ಬಿಡುವು ಸಿಗುತ್ತಿತ್ತು, ಹೂಬಿಟ್ಟು ಬೀಜ ಉದುರಿಸಲು ಸಮಯವಿರುತ್ತಿತ್ತು. ಮೇಯಿಸುವುದು ಎಷ್ಟು, ಬಿಡುವು ಎಷ್ಟು ಎಂಬ ಅಳತೆ ಬಲ್ಲವರ ವ್ಯವಸ್ಥೆ ಅದು.

ನಮ್ಮ ಒಣಸೀಮೆಯ ಕಾವಲಿಗೂ ಇಂಗ್ಲೆಂಡಿನ ಹಸಿ ಹುಲ್ಲುಗಾವಲಿಗೂ ಬಹಳ ಅಂತರವಿದೆ. ಅಲ್ಲಿ ಕೆಡುಕು ಗೊಬ್ಬರದ ಚೀಲದಿಂದ ಬಂತು. ಇಲ್ಲಿ ನೇಗಿಲಿನಿಂದ, ನೀಲಗಿರಿ-ಅಕೇಶಿಯಾ ನೆಡುತೋಪಿನಿಂದ, ಬಿಡುವಿಲ್ಲದ ಮೇಯಿಸುವಿಕೆಯಿಂದ, ಭೂ ಮಂಜೂರಾತಿಯಿಂದ ಬಂದಿದೆ. ಆದರೆ ಎರಡರ ಹಿಂದಿನ ತಪ್ಪು ಎಣಿಕೆ ಒಂದೇ: ಕಡಿಮೆ ಕೊಡುವ ನೆಲ ಬೆಲೆಯಿಲ್ಲದ ನೆಲ ಎಂಬುದು. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗ ಉಳಿದಿದ್ದರೆ, ಅದಕ್ಕೆ ಕಾರಣ ಆ ನೆಲ ಹುಲ್ಲಾಗಿಯೇ ಉಳಿದದ್ದು.

ಮಣ್ಣು ಹುಳಿಯಾಗುವ ಪಾಠವಂತೂ ನಮ್ಮ ದೇಶಕ್ಕೂ ನೇರವಾಗಿ ಅನ್ವಯಿಸುತ್ತದೆ. 1970ರ ದಶಕದಿಂದ ನಡೆದಿರುವ ಭಾರತದ ದೀರ್ಘಾವಧಿ ಗೊಬ್ಬರ ಪ್ರಯೋಗಗಳಲ್ಲಿ, ಪಾಲಂಪುರ ಮತ್ತು ರಾಂಚಿಯಂಥ ಕಡೆಗಳ ಆಮ್ಲೀಯ ಮಣ್ಣಿಗೆ ಸಾರಜನಕವೊಂದನ್ನೇ ಕೊಟ್ಟ ತಾಕುಗಳ ಇಳುವರಿ ಕುಸಿದಿದೆ. ಸುಣ್ಣ, ಕೊಟ್ಟಿಗೆ ಗೊಬ್ಬರ ಸೇರಿಸಿದ ತಾಕುಗಳು ತಡೆದುಕೊಂಡಿವೆ. ಹುಳಿ ಮಣ್ಣಿನ ಮಲೆನಾಡಿನ, ಕರಾವಳಿಯ ರೈತರು ಇದನ್ನು ಮನಸ್ಸಿನಲ್ಲಿಡಬೇಕು.

ವಿನಂತಿ

ಮೂರು ವಿನಂತಿಗಳಿವೆ. ಮೊದಲನೆಯದು, ಉಳಿದಿರುವ ಕಾವಲು, ಗೋಮಾಳಗಳನ್ನು ಉಳಬೇಡಿ, ಅಲ್ಲಿ ತೋಪು ನೆಡಬೇಡಿ. ಬೀಜದ ಮೂಲ ಉಳಿದರೆ ಮಿಕ್ಕದ್ದನ್ನು ಸರಿಪಡಿಸಬಹುದು, ಅದೇ ಹೋದರೆ ಯಾವ ಯೋಜನೆಯೂ ಅದನ್ನು ತಂದುಕೊಡಲಾರದು. ಎರಡನೆಯದು, ಊರೂರಿನ ದನಗಾಹಿಗಳನ್ನು ಕೂಡಿಸಿಕೊಂಡು ಮೇವಿಗೆ ಸರದಿಯನ್ನೂ ಹುಲ್ಲಿಗೆ ಬಿಡುವನ್ನೂ ಗೊತ್ತುಮಾಡಿ. ಯಾವ ಹುಲ್ಲು ಯಾವ ತಿಂಗಳಲ್ಲಿ ತೆನೆ ಬಿಡುತ್ತದೆಂದು ಅವರಿಗೆ ಗೊತ್ತು. ಮೂರನೆಯದು ವಿದ್ಯಾರ್ಥಿಗಳಿಗೆ. ನಿಮ್ಮ ಕಾಲೇಜಿನ ಹತ್ತಿರದ ಹುಲ್ಲುಗಾವಲಿನಲ್ಲಿ ನಾಲ್ಕು ತಾಕು ಗುರುತಿಸಿ. ಅಲ್ಲಿರುವ ಸಸ್ಯಗಳ ಪಟ್ಟಿ ಮಾಡಿ, ಮಣ್ಣಿನ ರಸಸಾರ ಅಳೆಯಿರಿ, ಹಿಡಿ ಮಣ್ಣನ್ನು ದಿನಾಂಕ ಬರೆದು ಕಾಪಿಡಿ, ಮುಂದಿನ ವರ್ಷದ ತರಗತಿಗೆ ಈ ದಾಖಲೆಗಳ ಪುಸ್ತಕವನ್ನು ಒಪ್ಪಿಸಿ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ, ತಪ್ಪದೆ ಮಾಡುವ ಮನಸ್ಸು ಬೇಕು. ಹುಲ್ಲುಗಾವಲಿನ ಬದಲಾವಣೆ ಒಬ್ಬರ ಆಯುಸ್ಸಿನಲ್ಲಿ ಪೂರ್ತಿ ಕಾಣುವಂಥದ್ದಲ್ಲ. ತಲೆಮಾರಿನಿಂದ ತಲೆಮಾರಿಗೆ ದಾಖಲೆ ದಾಟಿಸುವವರಿದ್ದರೆ ಮಾತ್ರ ನಾವು ಮಾಡುತ್ತಿರುವುದು ಸುಧಾರಣೆಯೋ ಹಾನಿಯೋ ಎಂದು ತಿಳಿಯುತ್ತದೆ. ಆ ಕೆಲಸವನ್ನು ಈ ಮಳೆಗಾಲದಲ್ಲೇ ಆರಂಭಿಸಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.